ನಾಲ್ಕು ಕಮಾನಿಗೆ ಒಂದೇ ಬಾಲ

ಕುದುರೆ ಬಾಲದ ಕೂದಲು ಕುದಿಯಬಾರದು. ಕಮಾನು ಕಟ್ಟುವ ಕೆಲಸದಲ್ಲಿ ಮಾವ ಅವಳಿಗೆ ಕಲಿಸಿದ ಮೊದಲ ಪಾಠವೇ ಅದು. ಪಿಟೀಲಿನ ಕಮಾನಿಗೆ ಹಾಕುವ ಕೂದಲನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಹಸುಗೂಸಿನ ತಲೆ ತೊಳೆದ ಹಾಗೆ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಬಿಸಿ ಹೆಚ್ಚಾದರೆ ಕೂದಲು ಸುರುಟಿಕೊಳ್ಳುತ್ತದೆ, ಆಮೇಲೆ ಎಳೆದರೆ ಒಣಹುಲ್ಲಿನಂತೆ ಪಟಪಟನೆ ತುಂಡಾಗುತ್ತದೆ. ಆರು ವರ್ಷದಲ್ಲಿ ಅವಳು ಈ ಪಾಠವನ್ನು ಒಂದು ಸಲವೂ ಮರೆತಿರಲಿಲ್ಲ. ಮರೆತದ್ದು ಆ ಬುಧವಾರ, ಶನಿವಾರದ ಕಾರ್ಯಕ್ರಮಕ್ಕೆ ಮೂರೇ ದಿನ ಉಳಿದಿರುವಾಗ.

ಅವಳನ್ನು ಎಲ್ಲರೂ ಪಿಸು ಎಂದೇ ಕರೆಯುತ್ತಿದ್ದರು. ಎಂಟನೇ ತರಗತಿಗೇ ಶಾಲೆ ಬಿಟ್ಟು ತಾಯಿಯ ತಮ್ಮನ ವಾದ್ಯ ರಿಪೇರಿ ಅಂಗಡಿಗೆ ಬಂದು ಸೇರಿದಾಗ ಅವಳ ಗಂಟಲಿನಿಂದ ಪಿಸುಮಾತಿಗಿಂತ ದೊಡ್ಡದೇನೂ ಹೊರಡುತ್ತಿರಲಿಲ್ಲ. ಗಿರಾಕಿ ಬಾಗಿಲಲ್ಲಿ ಕಂಡರೆ ಕಪಾಟಿನ ಹಿಂದೆ ಸರಿದುಬಿಡುತ್ತಿದ್ದಳು. ಕಣ್ಣು ಮಾತ್ರ ಎಲ್ಲವನ್ನೂ ನೋಡುತ್ತಿತ್ತು. ಸವೆದ ಕಮಾನೊಂದನ್ನು ಕೈಗೆ ಕೊಟ್ಟರೆ ಸಾಕು, ಅದರ ಒಡೆಯರ ಜಾತಕವನ್ನೇ ಓದಿಬಿಡುತ್ತಿದ್ದಳು. ತುದಿಯಲ್ಲಿ ಸವೆದಿದ್ದರೆ ಅಂಜುಬುರುಕರು. ಹಿಡಿಕೆಯ ಬಳಿ ಸವೆದಿದ್ದರೆ ಹಟಮಾರಿಗಳು. ಎಲ್ಲೂ ಸವೆಯದೆ ಧೂಳು ಕೂತಿದ್ದರೆ ಅಪ್ಪ ಅಮ್ಮನ ಒತ್ತಾಯಕ್ಕೆ ಕಲಿಯುತ್ತಿರುವ ಮಕ್ಕಳು.

ಮಾವ ದಿನವಿಡೀ ವಾದ್ಯಗಳ ಹೊಟ್ಟೆ ಬಿಚ್ಚಿ ಅಂಟು ಹಚ್ಚುತ್ತಿದ್ದ. ತಿಂಗಳ ಮೊದಲ ಶನಿವಾರ ಸಂಜೆ ಮಾತ್ರ ಕೈ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಿಟೀಲಿನ ದೊಡ್ಡಣ್ಣನಂತಿರುವ ಚೆಲ್ಲೋ ಹೊತ್ತುಕೊಂಡು ಸಭಾಂಗಣಕ್ಕೆ ಹೊರಡುತ್ತಿದ್ದ. ಅವರದು ನಾಲ್ವರ ತಂಡ. ಮೊದಲ ಪಿಟೀಲು ನಿವೃತ್ತ ಗಣಿತದ ಮೇಷ್ಟ್ರದು, ತಂಡಕ್ಕೂ ಅವರೇ ಹಿರಿಯರು. ಎರಡನೆಯದು ಆಸ್ಪತ್ರೆಯ ನರ್ಸಮ್ಮನದು. ಪಿಟೀಲಿಗಿಂತ ನಾಲ್ಕು ಬೆರಳು ದೊಡ್ಡದಾದ ವಯೋಲಾ ಅಂಚೆ ಗುಮಾಸ್ತರದು. ಅವರು ಬಾಯಿ ಬಿಟ್ಟು ಮಾತಾಡಿದ್ದನ್ನು ಪಿಸು ಕೇಳಿದ್ದು ಎರಡೋ ಮೂರೋ ಸಲ. ಪಿಸು ಮಾವನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಅವನ ಪುಟ ತಿರುಗಿಸುತ್ತಿದ್ದಳು. ಶಾಲೆ ಬಿಟ್ಟವಳಿಗೆ ಆ ಸ್ಟೂಲೇ ಶಾಲೆ. ಕಾಗದದ ಮೇಲಿನ ಕಪ್ಪು ಚುಕ್ಕಿಗಳು ಹೇಗೆ ಸದ್ದಾಗುತ್ತವೆ ಎಂಬುದನ್ನು ಅವಳು ಅಲ್ಲಿಯೇ ನೋಡಿ ನೋಡಿ ಕಲಿತಿದ್ದಳು.

ತಂಡದಲ್ಲಿ ಒಂದು ರೂಢಿಯಿತ್ತು. ಆರು ತಿಂಗಳಿಗೊಮ್ಮೆ ನಾಲ್ವರೂ ತಮ್ಮ ಕಮಾನುಗಳನ್ನು ಒಂದೇ ದಿನ ಅಂಗಡಿಗೆ ತಂದೊಪ್ಪಿಸಬೇಕು. ಪಿಸು ಹಳೆಯ ಕೂದಲನ್ನು ಕತ್ತರಿಸಿ ತೆಗೆದು, ಒಂದೇ ಕುದುರೆಯ ಬಾಲದಿಂದ ನಾಲ್ಕಕ್ಕೂ ಹೊಸದಾಗಿ ಕಟ್ಟಬೇಕು. "ನಾಲ್ಕು ಜನ ನಾಲ್ಕು ಕುದುರೆ ಹತ್ತಿದ್ರೆ ನಾಲ್ಕು ದಿಕ್ಕಿಗೆ ಹೋಗ್ತಾರೆ" ಎನ್ನುವುದು ಮೇಷ್ಟ್ರ ಲೆಕ್ಕಾಚಾರ.

ಸಭಾಂಗಣದಲ್ಲಿ ನೂರೈವತ್ತು ಕುರ್ಚಿಗಳಿದ್ದವು. ಕೇಳಲು ಬರುತ್ತಿದ್ದವರು ಇಪ್ಪತ್ತೆರಡು ಮಂದಿ, ಅದರಲ್ಲಿ ಅರ್ಧದಷ್ಟು ಜನ ದಿಂಬಿನ ಸಮೇತ. ಅವರದೇನೂ ತಪ್ಪಲ್ಲ. ಮೇಷ್ಟ್ರು ಆರಿಸುತ್ತಿದ್ದುದೇ ಹಸಿರು ರಟ್ಟಿನ ಸಂಗೀತ. ಕೃತಿಗಳ ಉದ್ದುದ್ದ ಹೆಸರು ನಾಲಿಗೆಗೆ ಹತ್ತದೆ ತಂಡದವರು ಅವನ್ನು ರಟ್ಟಿನ ಬಣ್ಣದಿಂದಲೇ ಗುರುತಿಸುತ್ತಿದ್ದರು. ಹಸಿರು ಎಂದರೆ ತೊಟ್ಟಿಲು ತೂಗಿದಂತೆ. ನೀಲಿ ಎಂದರೆ ಮಳೆ ನಿಂತ ಮೇಲೆ ಸೂರಿನಿಂದ ಹನಿ ಬಿದ್ದಂತೆ. ಕೆಂಪು ಎಂದರೆ ಕಾಳಗ, ಮತ್ತು ಆ ರಟ್ಟನ್ನು ಹನ್ನೆರಡು ವರ್ಷದಿಂದ ತಂಡದವರಾರೂ ಬಿಚ್ಚಿರಲಿಲ್ಲ. ಅದರ ಕೊನೆಯ ಭಾಗದಲ್ಲಿ ಒಂದು ಜಾಗವಿದೆ: ನಾಲ್ವರೂ ಓಡೋಡಿ ಬಂದು ಪ್ರಪಾತದ ಅಂಚಿನಲ್ಲಿ ನಿಂತ ಹಾಗೆ ತಟ್ಟನೆ ನಿಂತುಬಿಡಬೇಕು. ಏಳು ಎಣಿಕೆ ಮೌನ. ಏಳನೆಯದಕ್ಕೆ ಒಟ್ಟಿಗೇ ಧುಮುಕಬೇಕು. ಹನ್ನೆರಡು ವರ್ಷದ ಹಿಂದೆ ಮೇಷ್ಟ್ರು ಆರಕ್ಕೇ ಧುಮುಕಿಬಿಟ್ಟಿದ್ದರು, ಒಬ್ಬರೇ. ಗಣಿತದ ಮೇಷ್ಟ್ರಿಗೆ ಏಳರವರೆಗೆ ಎಣಿಸಲು ಬರುವುದಿಲ್ಲ ಎಂದು ಅವರ ಹಳೆಯ ವಿದ್ಯಾರ್ಥಿಗಳೆಲ್ಲ ಆಡಿಕೊಂಡರು. ಅಂದೇ ಕೆಂಪು ರಟ್ಟು ಮಾವನ ಅಂಗಡಿಯ ಅಟ್ಟ ಸೇರಿತು.

ಅಟ್ಟದಿಂದ ಅದನ್ನು ಇಳಿಸಿದವಳು ಪಿಸು. ಕಮಾನು ಕಟ್ಟಿದ ಮೇಲೆ ಅದು ತಂತಿಯನ್ನು ಹಿಡಿಯುತ್ತದೋ ಇಲ್ಲವೋ ನೋಡಬೇಕಲ್ಲ. ದಿನಾ ಸಂಜೆ ನಾಲ್ಕಕ್ಕೆ, ಮಾವ ಚಹಾ ಕುಡಿಯಲು ಹೋದಾಗ, ಅಂಗಡಿಯ ಹಳೆಯ ಚೆಲ್ಲೋವನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕೆಂಪು ರಟ್ಟಿನ ಕೊನೆಯ ಭಾಗವನ್ನು ನುಡಿಸುತ್ತಿದ್ದಳು. ಬಾಯಲ್ಲಿ ಬಾರದ್ದೆಲ್ಲ ಕೈಯಲ್ಲಿ ಬರುತ್ತಿತ್ತು. ಏಳು ಎಣಿಕೆಯ ಆ ಮೌನದಲ್ಲಿ ಅವಳ ಎದೆ ಡಬಡಬ ಬಡಿಯುತ್ತಿತ್ತು. ಇದನ್ನು ಒಂದೇ ಒಂದು ಸಲ ನಾಲ್ವರೂ ಸೇರಿ ನುಡಿಸುವುದನ್ನು ಕೇಳಬೇಕು ಎಂಬುದು ಅವಳ ಆಸೆ. ಯಾರಿಗೂ ಹೇಳಿಕೊಂಡಿರಲಿಲ್ಲ.

ಅಷ್ಟರಲ್ಲಿ ಇರುವ ಶನಿವಾರಕ್ಕೇ ಕುತ್ತು ಬಂತು. ಸಭಾಂಗಣದ ಉಸ್ತುವಾರಿಯಾಗಿದ್ದ ಕೀಲಿ ಅಕ್ಕ, ಸೊಂಟದಲ್ಲಿ ಕೀಲಿಗೊಂಚಲು ಝಣಝಣಿಸುತ್ತ ಬಂದು, ಮುಂದಿನ ತಿಂಗಳಿನಿಂದ ಆ ಸಂಜೆಯನ್ನು ವ್ಯಾಯಾಮದ ತರಗತಿಗೆ ಕೊಡುವುದಾಗಿ ಹೇಳಿದಳು. ಈ ಸಲ ಅರ್ಧದಷ್ಟಾದರೂ ಕುರ್ಚಿ ತುಂಬಿದರೆ ನೋಡೋಣ, ಇಲ್ಲದಿದ್ದರೆ ಇದೇ ಕೊನೆ. "ಗೊರಕೆ ಹೊಡೆಯೋಕೆ ಸಭಾಂಗಣ ಯಾಕೆ ಮೇಷ್ಟ್ರೇ? ಮನೇಲಿ ಮಂಚ ಇಲ್ವಾ?" ಎಂದೂ ಸೇರಿಸಿದಳು. ಮೇಷ್ಟ್ರು ವಾದಿಸಲಿಲ್ಲ. ಕೊನೆಯದಾದರೆ ಕೊನೆಯದು, ಹಸಿರು ರಟ್ಟನ್ನೇ ನುಡಿಸಿ ಮರ್ಯಾದೆಯಿಂದ ಎದ್ದುಹೋಗೋಣ ಎಂದರು. ಪಿಸುವಿಗೆ ಮಾತ್ರ ತನ್ನ ಸ್ಟೂಲನ್ನು ಯಾರೋ ಕೆಳಗಿನಿಂದ ಎಳೆದುಕೊಂಡ ಹಾಗಾಯಿತು.

ಅಂಗಡಿಯ ಪಕ್ಕದಲ್ಲಿ ಒಂದು ವೆಲ್ಡಿಂಗ್ ಶೆಡ್ಡಿತ್ತು. ನಡುವೆ ಒಂದೇ ಗೋಡೆ. ಅಲ್ಲಿ ಗೇಟು, ಕಿಟಕಿ ಸರಳು ಮಾಡುತ್ತಿದ್ದವನು ಸೊಂಟದ ತನಕ ಕೂದಲು ಬಿಟ್ಟ, ವರ್ಷವಿಡೀ ಕಪ್ಪು ಟೀ ಶರ್ಟು ತೊಡುವ ಒಬ್ಬ ಭಾರಿ ಆಸಾಮಿ. ಸಂಜೆ ಅದೇ ಶೆಡ್ಡಿನಲ್ಲಿ ಅವನ ಹೆವಿ ಮೆಟಲ್ ಬ್ಯಾಂಡಿನ ಅಭ್ಯಾಸ, ಡ್ರಮ್ಸ್ ಅವನದೇ. ಬೀದಿಯವರು ಅವನಿಗೆ ಗುಡುಗು ಎಂದು ಹೆಸರಿಟ್ಟಿದ್ದರು. ನಾಲ್ಕು ಗಂಟೆಗೆ ಅವನ ಗ್ರೈಂಡರ್ ನಿಲ್ಲುವುದನ್ನು ಪಿಸು ಗಮನಿಸಿದ್ದಳು. ಅವನಿಗೂ ಚಹಾದ ಹೊತ್ತು ಎಂದುಕೊಂಡಿದ್ದಳು. ಕೀಲಿ ಅಕ್ಕ ಬಂದುಹೋದ ಮರುದಿನ ಅವನೇ ಬಾಗಿಲಲ್ಲಿ ಬಂದು ನಿಂತ. ಕಪಾಟಿನ ಹಿಂದೆ ಸರಿಯುವಷ್ಟು ಸಮಯವೂ ಸಿಗಲಿಲ್ಲ.

"ತಂಗಿ, ದಿನಾ ನಾಲ್ಕು ಗಂಟೆಗೆ ಹಾಕ್ತೀಯಲ್ಲ, ಅದು ಯಾವ ಬ್ಯಾಂಡು?"

ಅವಳು ಚೆಲ್ಲೋ ಕಡೆ ಬೆರಳು ತೋರಿಸಿದಳು. ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಗೌರವದಿಂದ ಒಂದು ಹೆಜ್ಜೆ ಹಿಂದೆ ಸರಿದ. ಬರೆದವರು ಯಾರು, ಎಲ್ಲಿ ಸಿಗುತ್ತಾರೆ ಎಂದು ಕೇಳಿದ.

"ಸತ್ತು ಇನ್ನೂರು ವರ್ಷ ಆಯ್ತಣ್ಣ."

"ಛೇ," ಎಂದ ಗುಡುಗು, ಸುದ್ದಿ ಆಗತಾನೇ ಬಂದವನ ಹಾಗೆ.

ಮರುದಿನ ಬ್ಯಾಂಡಿನ ನಾಲ್ವರನ್ನೂ ಕರೆತಂದ. ತೋಳು ತುಂಬ ಹಚ್ಚೆ, ಕಾಲಲ್ಲಿ ಬೂಟು. ಪುಟ್ಟ ಅಂಗಡಿಯಲ್ಲಿ ಗೋಡೆಗೆ ತೂಗುಹಾಕಿದ ಪಿಟೀಲುಗಳಿಗೆ ತಾಗದಂತೆ ಭುಜ ಕುಗ್ಗಿಸಿಕೊಂಡು ನಿಂತರು. ಪಿಸು ಕಣ್ಣು ಮುಚ್ಚಿಕೊಂಡು ನುಡಿಸಿದಳು. "ನಾವು ಗಿಟಾರಿಗೆ ಕರೆಂಟು ಕೊಟ್ಟು ಮಾಡೋದನ್ನ," ಎಂದ ಗುಡುಗು, ಮುಗಿದ ಮೇಲೆ, "ಆ ಪುಣ್ಯಾತ್ಮ ಬರೀ ಕುದುರೆ ಕೂದಲಲ್ಲಿ ಮಾಡಿದಾನಲ್ರೋ." ಇದು ನಾಲ್ಕರಲ್ಲಿ ಒಂದು ಪಾಲು ಮಾತ್ರ, ಪೂರ್ತಿ ಕೇಳಬೇಕಾದರೆ ನಾಲ್ವರೂ ಬೇಕು, ಆದರೆ ಮೇಷ್ಟ್ರು ಒಪ್ಪುವುದಿಲ್ಲ ಎಂದು ಅವಳು ಪಿಸುಗುಟ್ಟಿದಳು. ಒಪ್ಪಿದರೆ ಹೇಳು, ನಮ್ಮವರು ಬರುತ್ತಾರೆ ಎಂದ ಅವನು. ಎಷ್ಟು ಜನ ಎಂದು ಕೇಳುವಷ್ಟು ಧೈರ್ಯ ಅವಳಿಗೆ ಎಲ್ಲಿಂದ ಬಂತೋ.

"ಕುರ್ಚಿ ಎಷ್ಟಿದೆ ಹೇಳು," ಎಂದು ಅವನು ನಕ್ಕ.

ಮಂಗಳವಾರ ರೂಢಿಯಂತೆ ನಾಲ್ಕು ಕಮಾನುಗಳೂ ಬಂದವು. ಪಿಸು ಹಳೆಯ ಕೂದಲನ್ನು ಕತ್ತರಿಸಿದಳು. ಬುಧವಾರ ಸಂಜೆ ಬಿಳಿ ಕೂದಲಿನ ಹೊಸ ಕಟ್ಟನ್ನು ಬೋಗುಣಿಯ ನೀರಿಗೆ ಇಳಿಸಿ, ಒಂದಿಷ್ಟು ಬೆಚ್ಚಗಾಗಲೆಂದು ಸಣ್ಣ ಒಲೆಯ ಮೇಲಿಟ್ಟಳು. ಅದೇ ಹೊತ್ತಿಗೆ ಗೋಡೆಯಾಚೆ ಗಿಟಾರುಗಳು ಶುರುವಾದವು. ಅವರು ನುಡಿಸುತ್ತಿದ್ದುದು ಅವಳ ಕೆಂಪು ರಟ್ಟನ್ನೇ. ಕಿವಿಯಲ್ಲಿ ಕೇಳಿದ್ದನ್ನು ತಂತಿಗೆ ತಂದುಕೊಂಡಿದ್ದರು. ಪಿಸು ಗೋಡೆಗೆ ಕಿವಿಯಾನಿಸಿ ನಿಂತಳು. ಓಟ ಸರಿಯಿತ್ತು, ತಟ್ಟನೆ ನಿಂತದ್ದೂ ಸರಿಯಿತ್ತು, ಆದರೆ ಮೌನದ ನಂತರ ಆರಕ್ಕೇ ಧುಮುಕಿದರು. ಮತ್ತೆ ನುಡಿಸಿದರು, ಮತ್ತೆ ಆರು. ಅವಳಿಗೆ ತಡೆಯಲಾಗಲಿಲ್ಲ. ಮುಂದಿನ ಸಲ ಮೌನ ಬಂದಾಗ ಮುಷ್ಟಿಯಿಂದ ಗೋಡೆಗೆ ಗುದ್ದಿದಳು, ಒಂದು, ಎರಡು, ಏಳರವರೆಗೆ. ಆಚೆಯವರು ಮೊದಲಿನಿಂದ ಶುರುಮಾಡಿದರು, ಅವಳು ಗುದ್ದಿದಳು, ಅವರು ಧುಮುಕಿದರು. ಸರಿಯಾಗುವವರೆಗೆ, ಸರಿಯಾದ ಮೇಲೆ ಸಂತೋಷಕ್ಕೆಂದು ಇನ್ನೂ ಎರಡು ಸಲ.

ಮೂಗಿಗೆ ಬೆಂದ ಕೂದಲಿನ ವಾಸನೆ ಬಡಿದಾಗ ಬೋಗುಣಿ ಕೊತಕೊತ ಕುದಿಯುತ್ತಿತ್ತು.

ಮಾವ ಬಂದು, ಸುರುಟಿದ ಕೂದಲನ್ನು ಎತ್ತಿ ನೋಡಿ, ಮೆಲ್ಲಗೆ ಎಳೆದ. ಎಳೆದಷ್ಟೂ ಕೈಗೇ ಬಂತು. ಅವನು ಬೈಯಲಿಲ್ಲ, ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಹೊಸ ಕಟ್ಟು ದೂರದಿಂದ ಬರಬೇಕು, ವಾರ ಬೇಕು. ನಾಲ್ಕು ಕಮಾನುಗಳು ಬೋಳು ಕಡ್ಡಿಗಳಾಗಿ ಮೇಜಿನ ಮೇಲೆ ಮಲಗಿದ್ದವು. ಅಂಗಡಿಯಲ್ಲಿದ್ದ ಉಳಿದವೆಲ್ಲ ಗಿರಾಕಿಗಳ ಕಮಾನುಗಳು, ಮುಟ್ಟುವ ಹಾಗಿಲ್ಲ. ತಂಡದವರಲ್ಲಿ ಬೇರೆ ಕಮಾನು ಇದ್ದದ್ದು ನರ್ಸಮ್ಮನ ಬಳಿ ಒಂದು, ಅದೂ ತುದಿ ಮುರಿದು ಅಂಗಡಿಯ ಗೋಡೆಯಲ್ಲೇ ನೇತಾಡುತ್ತಿತ್ತು. "ಮೇಷ್ಟ್ರಿಗೆ ನೀನೇ ಹೇಳ್ಬೇಕು ಮಗಳೇ," ಎಂದಷ್ಟೇ ಹೇಳಿ ಮಾವ ಒಲೆ ಆರಿಸಿದ.

ಕೆಳಗಿನ ಖಾನೆಯಲ್ಲಿ ಇನ್ನೊಂದು ಕಟ್ಟಿದೆಯೆಂದು ಅವಳಿಗೆ ನೆನಪಾದದ್ದು ಆಗ. ಆಳೆತ್ತರದ ಬಾಸ್ ವಾದ್ಯವೊಂದರ ಕಮಾನಿಗೆಂದು ಹಿಂದೆಂದೋ ತರಿಸಿದ್ದು. ವಾದ್ಯದವರು ಊರು ಬಿಟ್ಟರು, ಕೂದಲು ಉಳಿಯಿತು. ಕಪ್ಪು ಕೂದಲು. ಬಿಳಿಯದಕ್ಕಿಂತ ದಪ್ಪ, ಒರಟು. ಬಿಳಿ ಕೂದಲು ತಂತಿಯನ್ನು ಸವರಿದರೆ ಇದು ಹಿಡಿದು ಜಗ್ಗುತ್ತದೆ. ಗುರುವಾರ ಬೆಳಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ, ಕಣ್ಣು ಕೂಡ ಮಿಟುಕಿಸದೆ ಅದನ್ನು ತೊಳೆದಳು. ಒಣಗಿಸಿ, ಬಾಚಿ, ಎಳೆ ಎಣಿಸಿ, ಗಂಟು ಹಾಕಿ, ಪುಟ್ಟ ಬೆಣೆ ಬಡಿದು, ಸಂಜೆಯೊಳಗೆ ನಾಲ್ಕಕ್ಕೂ ಕಟ್ಟಿದಳು. ಒಂದೇ ಕುದುರೆಯ ಬಾಲ, ರೂಢಿಯೇನೂ ಮುರಿದಿರಲಿಲ್ಲ.

ಆ ಸಂಜೆ ಅಂಗಡಿಗೆ ಅಭ್ಯಾಸಕ್ಕೆ ಬಂದ ಮೇಷ್ಟ್ರು ಕಮಾನನ್ನು ಬೆಳಕಿಗೆ ಹಿಡಿದು ನೋಡಿದರು. "ಇದೇನಮ್ಮ, ನಂಗೆ ವಯಸ್ಸಾಯ್ತು ಅಂತ ಕಮಾನಿಗೆ ಬಣ್ಣ ಹಚ್ಚಿದೀಯಾ?" ಎಂದರು. ಆಮೇಲೆ ಹಸಿರು ರಟ್ಟು ಬಿಚ್ಚಿ ಒಂದು ಸಾಲು ನುಡಿಸಿದರು. ಕಾಗೆ ಜೋಗುಳ ಹಾಡಿದ ಹಾಗಿತ್ತು. ನರ್ಸಮ್ಮ ನಗು ತಡೆಯಲಾರದೆ ಕೆಮ್ಮಿದರು. ಮೇಷ್ಟ್ರು ಮಾತ್ರ ನಗಲಿಲ್ಲ. ಕಮಾನನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು. ಶನಿವಾರ ಇಲ್ಲ ಎಂದು ಕೀಲಿ ಅಕ್ಕನಿಗೆ ಹೇಳಿಬಿಡಿ, ನಗೆಪಾಟಲಾಗುವುದಕ್ಕೆ ಒಂದು ಸಲ ಸಾಕು ಎಂದರು.

ಪಿಸು ಕಪಾಟಿನ ಹಿಂದೆ ನಿಂತಿದ್ದಳು. ಕಾಲು ತಾನಾಗಿಯೇ ಈಚೆ ಬಂತು.

"ಮೇಷ್ಟ್ರೇ, ಕೂದಲು ಕುದಿಸಿದ್ದು ನಾನು. ತಪ್ಪು ನಂದೇ. ಆದ್ರೆ ಈ ಕೂದಲು ಹಸಿರಿಗೆ ಹುಟ್ಟಿದ್ದಲ್ಲ. ಕೆಂಪು ತೆಗೀರಿ."

ಅಷ್ಟು ದೊಡ್ಡ ದನಿ ತನ್ನದೇ ಎಂದು ಅವಳಿಗೆ ನಂಬಲಾಗಲಿಲ್ಲ. ಮೇಷ್ಟ್ರಿಗೂ ನಂಬಲಾಗಲಿಲ್ಲ, ಮಾತು ಹೊರಟ ಬಾಯಿ ಯಾರದೆಂದು ಸುತ್ತ ನೋಡಿದರು.

"ಆ ಏಳು ಎಣಿಕೆ ಗೊತ್ತಾ ನಿಂಗೆ?"

"ಗೊತ್ತು. ಒಂದು ಸಾಲು ನುಡಿಸಿ ನೋಡಿ. ಹಿಡಿಸದಿದ್ರೆ ಕೀಲಿ ಅಕ್ಕನ ಹತ್ರ ನಾನೇ ಹೋಗಿ ಹೇಳ್ತೀನಿ."

ಅವಳೇ ರಟ್ಟು ತಂದು ಸ್ಟ್ಯಾಂಡಿನ ಮೇಲೆ ಬಿಚ್ಚಿಟ್ಟಳು. ಹನ್ನೆರಡು ವರ್ಷ ಮುಚ್ಚಿದ್ದ ಹಾಳೆಗಳಲ್ಲಿ ಧೂಳೇ ಇಲ್ಲದ್ದನ್ನು ಮೇಷ್ಟ್ರು ಕಂಡರು. ಪೆಟ್ಟಿಗೆ ತೆರೆದು ಕಮಾನು ತೆಗೆದರು. ಮೊದಲ ಸಾಲಿಗೇ ಕಪ್ಪು ಕೂದಲು ತಂತಿಯನ್ನು ಕಚ್ಚಿ ಹಿಡಿಯಿತು. ಮಾವ ಸೇರಿಕೊಂಡ, ನರ್ಸಮ್ಮ ಸೇರಿದರು, ಗುಮಾಸ್ತರು ಸೇರಿದರು. ಗೋಡೆಗೆ ತೂಗುಹಾಕಿದ್ದ ಉಳಿ, ಕತ್ತರಿಗಳೆಲ್ಲ ಗಿಲಗಿಲ ಎಂದವು. ಪುಟದ ಕೊನೆಗೆ ಎಲ್ಲರೂ ನಿಂತು ಉಸಿರು ಬಿಟ್ಟಾಗ ಮೊದಲು ಮಾತಾಡಿದವರು, ಯಾವತ್ತೂ ಮಾತಾಡದ ಅಂಚೆ ಗುಮಾಸ್ತರು.

"ಇನ್ನೊಂದ್ಸಲ," ಎಂದರು.

ಗೋಡೆಯಾಚೆಯಿಂದ ಮೂರು ಗುದ್ದು ಬಿತ್ತು. ಅದ್ಯಾರು ಎಂದು ಮೇಷ್ಟ್ರು ಬೆಚ್ಚಿದರು. "ನಮ್ಮ ಅಭಿಮಾನಿ," ಎಂದ ಮಾವ.

ಶನಿವಾರ ಐದೂವರೆಗೆ ದಿಂಬಿನ ಇಪ್ಪತ್ತೆರಡು ಮಂದಿ ಬಂದು ತಮ್ಮ ತಮ್ಮ ಕುರ್ಚಿ ಹಿಡಿದರು. ಐದೂಮುಕ್ಕಾಲಿಗೆ ಬೀದಿಯ ತುದಿಯಲ್ಲಿ ಮೋಟಾರ್‌ ಸೈಕಲ್ಲುಗಳ ಸದ್ದು ಕೇಳಿಸಿತು. ಕಪ್ಪು ಟೀ ಶರ್ಟಿನವರು ಇಬ್ಬಿಬ್ಬರಾಗಿ, ನಾಲ್ವರಾಗಿ, ಆಮೇಲೆ ಹಿಂಡು ಹಿಂಡಾಗಿ ಒಳಗೆ ಬಂದರು. ಕೀಲಿ ಅಕ್ಕ ಗೊಂಚಲನ್ನು ಬಿಗಿಯಾಗಿ ಹಿಡಿದುಕೊಂಡು, ಹೊಡೆದಾಟ ಏನಾದರೂ ಇದೆಯಾ ಎಂದು ಗುಡುಗನ್ನೇ ಕೇಳಿದಳು. "ಇದೆ ಅಕ್ಕ, ವೇದಿಕೆ ಮೇಲೆ," ಎಂದ ಅವನು. ಸಂಗೀತ ನಡೆಯುವಾಗ ಕೆಮ್ಮು ಬಂದರೂ ನುಂಗಿಕೊಳ್ಳಬೇಕು ಎಂದು ತನ್ನವರಿಗೆ ಮೊದಲೇ ಪಾಠ ಹೇಳಿ ತಂದಿದ್ದ. ಅವರು ಪರೀಕ್ಷೆಗೆ ಬಂದ ಮಕ್ಕಳಂತೆ ಕೈಕಟ್ಟಿ ಕೂತರು. ಮುಂದಿನ ಸಾಲಿನ ದಿಂಬಿನಜ್ಜಿ ಪಕ್ಕದ ಹಚ್ಚೆಯವನಿಗೆ ಪೆಪ್ಪರ್‌ಮಿಂಟು ಕೊಟ್ಟಳು. ಅವನು ಎರಡೂ ಕೈಯೊಡ್ಡಿ ತೆಗೆದುಕೊಂಡ.

ಪಿಸು ಸ್ಟೂಲಿನ ಮೇಲಿಂದ ಎಣಿಸಿದಳು. ಎಪ್ಪತ್ತೈದು ದಾಟಿತು, ನೂರು ದಾಟಿತು. ಕೊನೆಗೆ ಬಂದವರು ಗೋಡೆಗೊರಗಿ ನಿಂತರು.

ಮೊದಲ ಭಾಗ ಸಿಡಿದೆದ್ದಿತು. ಮೇಷ್ಟ್ರ ಕಮಾನಿನಿಂದ ಒಂದು ಕಪ್ಪು ಎಳೆ ಕಿತ್ತು ಗಾಳಿಯಲ್ಲಿ ಆಡತೊಡಗಿತು, ಆಮೇಲೆ ನರ್ಸಮ್ಮನ ಕಮಾನಿನಿಂದ ಎರಡು. ಕೂದಲಿಗೆ ಉಜ್ಜಿದ್ದ ರಾಳದ ಪುಡಿ ದೀಪದ ಬೆಳಕಿನಲ್ಲಿ ಹೊಗೆಯಂತೆ ಎದ್ದಿತು. ಮಾವನ ಚೆಲ್ಲೋ ಕೆಳಗಿನಿಂದ ಗುದ್ದುತ್ತಿತ್ತು, ಸ್ಟೂಲಿನ ಮೂಲಕ ಅದು ಪಿಸುವಿನ ಬೆನ್ನುಹುರಿಯನ್ನೇ ಏರುತ್ತಿತ್ತು. ಭಾಗ ಮುಗಿದ ಕೂಡಲೇ ಸಭಾಂಗಣ ಬೊಬ್ಬೆಯಿಟ್ಟಿತು.

ನಡುವೆ ಚಪ್ಪಾಳೆ ತಟ್ಟುವುದನ್ನು ಮೇಷ್ಟ್ರು ಎಂದೂ ಸಹಿಸಿದವರಲ್ಲ. ಅವರು ಕಮಾನು ಕೆಳಗಿಳಿಸಿ ಕನ್ನಡಕದ ಮೇಲಿನಿಂದ ಜನರನ್ನು ದಿಟ್ಟಿಸಿದರು. ಬೊಬ್ಬೆ ತಕ್ಷಣ ನಿಂತಿತು. ಗುಡುಗು ನಾಲಿಗೆ ಕಚ್ಚಿಕೊಂಡ. ಮೇಷ್ಟ್ರು ತೂಗಾಡುತ್ತಿದ್ದ ಎಳೆಯನ್ನು ಹಲ್ಲಿನಲ್ಲಿ ಕಡಿದು ತೆಗೆದು, ಕಮಾನಿನ ತಿರುಪನ್ನು ಒಂದು ಸುತ್ತು ಬಿಗಿ ಮಾಡಿದರು.

"ಮುಂದಿನದು ಇದಕ್ಕಿಂತ ಜೋರು," ಎಂದರು.

ಎರಡನೆಯ ಭಾಗ, ಮೂರನೆಯ ಭಾಗ, ಆಮೇಲೆ ಕೊನೆಯದು. ಈಗ ಕಪ್ಪು ಶರ್ಟಿನವರ ತಲೆಗಳು ತಾವಾಗಿಯೇ ಆಡತೊಡಗಿದ್ದವು. ಸದ್ದಿಲ್ಲ, ಉದ್ದುದ್ದ ಕೂದಲು ಮಾತ್ರ ಮುಂದೆ ಬಿದ್ದು ಹಿಂದೆ ಏಳುತ್ತಿತ್ತು. ದಿಂಬಿನಜ್ಜಿಯ ತಲೆಯೂ ಆಡುತ್ತಿತ್ತು. ಪಿಸು ಕೊನೆಯ ಪುಟ ತಿರುಗಿಸಿದಳು. ಆ ಜಾಗ ಹತ್ತಿರ ಬರುತ್ತಿತ್ತು. ಮೇಷ್ಟ್ರ ಹಣೆಯಲ್ಲಿ ಬೆವರು ಮೂಡಿತ್ತು, ಕಣ್ಣು ಹಾಳೆಯಲ್ಲಿ ನೆಟ್ಟಿತ್ತು. ನಾಲ್ವರೂ ಓಡೋಡಿ ಬಂದು ತಟ್ಟನೆ ನಿಂತರು.

ಮೌನ.

ಪಿಸುವಿನ ಮುಷ್ಟಿ ತೊಡೆಯ ಮೇಲೆ ಬಿಗಿಯಾಯಿತು. ಮೇಷ್ಟ್ರು ತಲೆಯೆತ್ತಿ ನೋಡಿದರು. ಅವರ ಎದುರಿಗೆ, ಸಾಲು ಸಾಲಾಗಿ, ನೂರಕ್ಕೂ ಮಿಕ್ಕಿ ತಲೆಗಳು ಒಂದೇ ತಲೆಯೆಂಬಂತೆ ಕೆಳಗೆ ಬಂದವು. ಒಂದು. ಮೇಲೆ ಹೋಗಿ ಮತ್ತೆ ಬಂದವು. ಎರಡು. ಮೊದಲ ಸಾಲಿನಲ್ಲಿ ಗುಡುಗು ಇಡೀ ಸೊಂಟ ಬಗ್ಗಿಸಿ ಎಣಿಸುತ್ತಿದ್ದ, ಗೋಡೆಯಾಚೆ ಕಲಿತ ಲೆಕ್ಕವನ್ನು. ಹಿಂದಿನವರು ಅವನನ್ನೇ ಹಿಡಿದಿದ್ದರು. ಮೂರು, ನಾಲ್ಕು, ಐದು. ಆರಕ್ಕೆ ಮೇಷ್ಟ್ರ ಕಮಾನು ತಂತಿಯತ್ತ ಬಾಗಿತು. ತಲೆಗಳು ಇನ್ನೊಂದು ಸಲ ಮೇಲೇರಿದವು. ಮೇಷ್ಟ್ರು ಕಾದರು.

ಏಳಕ್ಕೆ ತಲೆಗಳೂ ನಾಲ್ಕು ಕಮಾನುಗಳೂ ಒಟ್ಟಿಗೇ ಬಿದ್ದವು.

ಆಮೇಲಿನದನ್ನು ಪಿಸು ಕಿವಿಯಲ್ಲಿ ಕೇಳಿದಳೋ ಮೈಯಲ್ಲಿ ಕೇಳಿದಳೋ ಅವಳಿಗೇ ಗೊತ್ತಿಲ್ಲ. ಇಷ್ಟು ದಿನ ಒಬ್ಬಳೇ ನುಡಿಸಿದ್ದ ಕಾಲು ಭಾಗಕ್ಕೆ ಉಳಿದ ಮುಕ್ಕಾಲು ಬಂದು ಸೇರಿತ್ತು. ಕೊನೆಯ ಸ್ವರಕ್ಕೆ ಮೇಷ್ಟ್ರು ಕಮಾನನ್ನು ಮೇಲಕ್ಕೆತ್ತಿದಾಗ ಅದರಿಂದ ಕಪ್ಪು ಎಳೆಗಳು ಬಾವುಟದ ಹಾಗೆ ತೂಗಾಡುತ್ತಿದ್ದವು. ಇಡೀ ಸಭಾಂಗಣ ಎದ್ದು ನಿಂತಿತು. ಬೂಟುಗಳು ನೆಲ ನಡುಗಿಸಿದವು. ಅಜ್ಜಿ ದಿಂಬನ್ನು ಮೇಲಕ್ಕೆಸೆದಳು. ಅದು ಯಾರ ತಲೆಯ ಮೇಲೆ ಬಿತ್ತೋ ಯಾರೂ ಹುಡುಕಲಿಲ್ಲ.

ಕೀಲಿ ಅಕ್ಕ ಬಾಗಿಲ ಬಳಿಯಿಂದ ನೂಕಿಕೊಂಡು ವೇದಿಕೆಯವರೆಗೆ ಬಂದಳು. "ಮುಂದಿನ ತಿಂಗಳೂ ಇದೇ ತಾನೇ?" ಎಂದು ಕಿರುಚಿ ಕೇಳಬೇಕಾಯಿತು. "ಕುರ್ಚಿ ಎಲ್ಲಿಂದ ತರ್ಲಿ ನಾನು?" ವ್ಯಾಯಾಮದವರ ಗತಿಯೇನು ಎಂದು ನರ್ಸಮ್ಮ ಕೇಳಿದರು. ಇಷ್ಟು ಹೊತ್ತು ನಡೆದದ್ದು ಮತ್ತೇನು ಎಂದಳು ಕೀಲಿ ಅಕ್ಕ, ಕುತ್ತಿಗೆ ತಿಕ್ಕಿಕೊಳ್ಳುತ್ತ.

ಮೇಷ್ಟ್ರು ಕೈಯೆತ್ತಿ ಜನರನ್ನು ಸುಮ್ಮನಾಗಿಸಿದರು. ಅರ್ಧ ಬೋಳಾದ ಕಮಾನನ್ನು ಎಲ್ಲರಿಗೂ ಕಾಣುವಂತೆ ಹಿಡಿದು, ಇದನ್ನು ಕಟ್ಟಿದವರು ಯಾರೆಂದು ಕೇಳಿ ಎಂದರು. ಗುಡುಗು ಎರಡೂ ಕೈ ಬಾಯಿಗಿಟ್ಟು ಕೂಗಿದ: "ಯಾರು ಕಟ್ಟಿದ್ದು?"

ವೇದಿಕೆಯ ಮೇಲೆ ಕಪಾಟು ಇರಲಿಲ್ಲ. ಇದ್ದಿದ್ದರೂ ಪಿಸು ಅದರ ಕಡೆ ನೋಡುತ್ತಿರಲಿಲ್ಲ. ಅವಳು ಸ್ಟೂಲಿನಿಂದ ಎದ್ದಳು.

"ನಾನು," ಎಂದಳು. ಗೋಡೆಗೊರಗಿ ನಿಂತ ಕೊನೆಯವರಿಗೂ ಅದು ಕೇಳಿಸಿತು.